ಇಳಕಲ್ ಸೀರಿಗೆ ಸ್ವಂತ ವೆಬ್‌ಸೈಟ್ ಬೇಕೇನ್ರಿ?

ಪ್ರಶ್ನೆ: ಮನ್ಯಾಗ ಕೈಮಗ್ಗ ಐತ್ರಿ, ಇಳಕಲ್ ಸೀರಿ ನೇಯ್ದು ವಾಟ್ಸಾಪ್ ಸ್ಟೇಟಸ್‌ನ್ಯಾಗ ಹಾಕಿ ಮಾರಾಕತ್ತೀವಿ, ಅದು 24 ತಾಸಿಗೆ ಹೋಗಿಬಿಡ್ತೈತಿ. ವೆಬ್‌ಸೈಟ್ ಮಾಡಿಸಿದ್ರ ಗಿರಾಕಿ ಬರ್ತಾರೇನ್ರಿ?

ಉತ್ತರ 1: ತಾನಾಗೇ ಬರಂಗಿಲ್ರಿ, ಆದ್ರ ಲಿಂಕ್ ಕಳಸಾಕ ಒಂದು ಜಾಗ ಬೇಕು, ಒಂದ ಪೇಜ್ ಸಾಕು. ಸೆರಗು ಮೈ ಕೂಡೋ ಕೊಂಡಿ ಇರ್ತೈತಲ್ಲ, ಅದರ ಫೋಟೋ ಸಮೀಪದಿಂದ ತಗೀರಿ, ಸೆರಗು ಪೂರಾ ಬಿಚ್ಚಿ ಹಗಲ ಬೆಳಕಿನ್ಯಾಗ ತಗೀರಿ, ರೇಷ್ಮಿ ಎಷ್ಟು ಹತ್ತಿ ಎಷ್ಟು ಬರೀರಿ, ರೇಟು ಮುಚ್ಚಿಡಬ್ಯಾಡ್ರಿ, ‘ಡಿಎಂ ಮಾಡಿ’ ಅಂದ್ರ ನಾನಂತೂ ಮುಂದ ಹೋಗ್ತೀನಿ.

ಉತ್ತರ 2: ಬರೀ ಜಿಐ ಟ್ಯಾಗ್ (ಊರಿನ ಹೆಸರಿನ ಸರಕಿಗೆ ಸಿಗೋ ಕಾನೂನಿನ ಗುರುತು) ಅಂತ ಬರೆದ್ರೆ ಸಾಲದು ಕಣ್ರೀ, ಪವರ್‌ಲೂಮ್‌ದೂ ಅದೇ ಹೆಸರಲ್ಲಿ ಮಾರ್ತಾರೆ. ಕೈಮಗ್ಗದ್ದೇ ಅಂತ ಖಾತ್ರಿ ಕೊಡೋ ಸರ್ಕಾರದ ಹ್ಯಾಂಡ್‌ಲೂಮ್ ಮಾರ್ಕ್ ಲೇಬಲ್ ಇದ್ರೆ ತೋರಿಸಿ.

ಕೇಳಿದವರು: ಪೇಮೆಂಟ್ ಗೇಟ್‌ವೇ, ಅಂದ್ರ ಸೈಟ್‌ನ್ಯಾಗ ರೊಕ್ಕ ತಗೊಳ್ಳೋ ವ್ಯವಸ್ಥೆ, ಬೇಕೇನ್ರಿ?

ಉತ್ತರ 1: ಈಗೇ ಬ್ಯಾಡ್ರಿ, ವಾಟ್ಸಾಪ್ ಬಟನ್ ಇಡ್ರಿ, ಯುಪಿಐ ನಡೀತೈತಿ.