ಸಮುದಾಯ ಆರೋಗ್ಯ ಕೇಂದ್ರದ ಹಣ: ಮಾರ್ಚ್ 31ರ ಗಡುವು ನಮಗೆ ಮಾತ್ರವೇ?

ಬಯಲುಸೀಮೆ ವೈದ್ಯ:
ನಮ್ಮದು 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರ (ಸಿಎಚ್‌ಸಿ). ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ರೆಫರ್ ಆದವರೆಲ್ಲ ಮೊದಲು ಬರೋದು ಇಲ್ಲಿಗೇ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಸಿಎಚ್‌ಸಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅನ್‌ಟೈಡ್ ಫಂಡ್, ಅಂದರೆ ಇಂಥದ್ದಕ್ಕೇ ಅಂತ ಕಟ್ಟಿಹಾಕದ ಹಣ, ಇದೆ. ಪೈಪ್ ಒಡೆದರೆ, ಇನ್ವರ್ಟರ್ ಬ್ಯಾಟರಿ ಹೋದರೆ, ಲ್ಯಾಬಿಗೆ ತುರ್ತಾಗಿ ಏನಾದರೂ ಬೇಕಾದರೆ ಮೇಲಿನವರನ್ನು ಕೇಳದೆ ಆಸ್ಪತ್ರೆ ನೋಡಿಕೊಳ್ಳೋ ಆರೋಗ್ಯ ರಕ್ಷಾ ಸಮಿತಿಯ ಠರಾವಿನ ಮೇಲೆ ಖರ್ಚು ಮಾಡಲಿ ಅಂತಲೇ ಈ ಹಣ ಇರೋದು. ಈ ಸಲ ಮೊದಲ ಕಂತಿನ ಲಿಮಿಟ್ (ಇಷ್ಟರವರೆಗೆ ಖರ್ಚು ಮಾಡಬಹುದು ಅನ್ನೋ ಅನುಮತಿ) ನಮಗೆ ಸಿಕ್ಕಾಗ ದೀಪಾವಳಿ ಕಳೆದಿತ್ತು. ಉಳಿದ ದೊಡ್ಡ ಪಾಲು ಫೆಬ್ರವರಿಯಲ್ಲಿ ಬಂತು. ಈಗ ದಿನ ಬೆಳಗಾದರೆ ಫೋನು: ಖರ್ಚು ಶೇಕಡಾ ಎಷ್ಟಾಯ್ತು, ಯಾಕೆ ಕಡಿಮೆ, 31ರ ಒಳಗೆ ಮುಗಿಸಿ. ಮುಗಿಸದಿದ್ದರೆ ಲಿಮಿಟ್ ವಾಪಸ್, ಮೇಲೆ ಒಂದು ನೋಟಿಸ್.

ನನ್ನ ವಾದ ಸರಳ. ಅನ್‌ಟೈಡ್ ಹಣಕ್ಕೆ ಈ ಗಡುವು ಬೇಡ. ಉಳಿದದ್ದು ಅದೇ ಕೇಂದ್ರಕ್ಕೆ ಮುಂದಿನ ವರ್ಷಕ್ಕೆ ಸೇರಲಿ. ಒಪ್ಪದವರು ಕಾರಣ ಹೇಳಿ.

ನಿವೃತ್ತ ಆಡಿಟ್:
ನಾನು ಒಪ್ಪುವುದಿಲ್ಲ. 2021ಕ್ಕೆ ಮುಂಚೆ ನೀವು ಕೇಳುತ್ತಿರುವ ವ್ಯವಸ್ಥೆಯೇ ಇತ್ತು. ಜಿಲ್ಲೆಗೊಂದು, ತಾಲ್ಲೂಕಿಗೊಂದು, ಆಸ್ಪತ್ರೆಗೊಂದು ಬ್ಯಾಂಕ್ ಖಾತೆ. ಒಂದೊಂದರಲ್ಲೂ ಹಿಂದಿನ ವರ್ಷಗಳ ಹಣ. ಒಂದು ಕಡೆ ಮೂರು ವರ್ಷದ ಹಿಂದಿನ ಅನುದಾನ ಬಡ್ಡಿ ಎಣಿಸುತ್ತಾ ಕೂತಿದ್ದರೆ ಪಕ್ಕದ ತಾಲ್ಲೂಕಿನಲ್ಲಿ ಜನರೇಟರಿಗೆ ಡೀಸೆಲ್ ಇರುತ್ತಿರಲಿಲ್ಲ. ಹಣಬಳಕೆ ಪ್ರಮಾಣಪತ್ರವನ್ನು ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಕೊಡಬೇಕು ಎಂದು ನಿಯಮವಿದೆ, ಅದಕ್ಕೂ ದಿಕ್ಕಿರಲಿಲ್ಲ. ಹಾಗಾಗಿ 2021ರ ಜುಲೈ 1ರಿಂದ ಎಸ್‌ಎನ್‌ಎ (ಸಿಂಗಲ್ ನೋಡಲ್ ಏಜೆನ್ಸಿ) ಪದ್ಧತಿ ಬಂತು: ಒಂದು ಯೋಜನೆಗೆ ರಾಜ್ಯಕ್ಕೊಂದೇ ಖಾತೆ, ಕೆಳಗಿನವರಿಗೆ ಶೂನ್ಯ ಶಿಲ್ಕಿನ ಖಾತೆ, ಖರ್ಚಿಗೆ ಲಿಮಿಟ್ ಮಾತ್ರ. ಬಡ್ಡಿ ಸರ್ಕಾರದ ಸಂಚಿತ ನಿಧಿಗೆ. ಇದು ಸರಿಯಾದ ಸುಧಾರಣೆ ಎಂದೇ ನನ್ನ ನಂಬಿಕೆ.

ಇನ್ನೊಂದು ಮಾತು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017, ನಿಯಮ 62(3): ವರ್ಷದ ಕೊನೆಯ ತಿಂಗಳುಗಳಲ್ಲಿ ಖರ್ಚಿನ ನೂಕುನುಗ್ಗಲು ಆರ್ಥಿಕ ಶಿಸ್ತಿನ ಉಲ್ಲಂಘನೆ. ಮಾರ್ಚ್‌ನಲ್ಲಿ ಮುಗಿಸಿ ಎಂದು ಫೋನು ಮಾಡುವವರಿಗೂ ಈ ಮಾತು ನೆನಪಿರಬೇಕು.

ಹೆರಿಗೆ ಕೊಠಡಿ ಸಿಸ್ಟರ್:
ನಿಯಮ ಓದೋಕೆ ಚೆನ್ನಾಗಿದೆ ಸರ್. ನಾನು ಕಣ್ಣಾರೆ ಕಂಡದ್ದು ಹೇಳ್ತೀನಿ. ಉಪಕರಣಗಳನ್ನು ಹಬೆಯಲ್ಲಿ ಸ್ಟೆರಿಲೈಸ್ ಮಾಡೋ ನಮ್ಮ ಆಟೋಕ್ಲೇವ್‌ನ ಬಾಗಿಲಿನ ಗ್ಯಾಸ್ಕೆಟ್ (ಹಬೆ ಸೋರದಂತೆ ತಡೆಯೋ ಪಟ್ಟಿ) ಆಷಾಢದಲ್ಲೇ ಹೋಯ್ತು. ಹಬೆ ಸೋರಿದರೆ ಒಳಗೆ ಪ್ರೆಷರ್ ಏರಲ್ಲ, ಪ್ರೆಷರ್ ಏರದಿದ್ದರೆ 121 ಡಿಗ್ರಿ ಬರಲ್ಲ, ಇಂಡಿಕೇಟರ್ ಟೇಪಿನ ಗೆರೆ ಕಪ್ಪಾಗಲ್ಲ. ಆ ಟ್ರೇ ಇಟ್ಟುಕೊಂಡು ನಾನು ಹೆರಿಗೆ ಮಾಡಿಸಲಾ? ಇಂಡೆಂಟ್ ಹಾಕಿದೆ. 'ಫಂಡ್ ಇಲ್ಲ ಸಿಸ್ಟರ್, ಬರಲಿ' ಅಂದ್ರು. ತಾಲ್ಲೂಕು ಆಸ್ಪತ್ರೆಗೆ ಡ್ರಮ್ ಕಳಿಸಿ ಸ್ಟೆರಿಲೈಸ್ ಮಾಡಿಸಿಕೊಂಡು ತಿಂಗಳುಗಟ್ಟಲೆ ಸಂಭಾಳಿಸಿದ್ವಿ. ರಾತ್ರಿ ಎರಡು ಹೆರಿಗೆ ಒಟ್ಟಿಗೆ ಬಂದರೆ ಎದೆ ಡವಡವ ಅನ್ನೋದು.

ಕೊನೆಗೂ ಮಾರ್ಚ್‌ನಲ್ಲಿ ಹಣ ಬಂತು. ಕುರ್ಚಿ ಬಂತು, ಪರದೆ ಬಂತು, ಹೊಸ ಬೋರ್ಡು ಬಂತು. ಗ್ಯಾಸ್ಕೆಟ್ ಬರಲಿಲ್ಲ. ಅದನ್ನು ಕಂಪನಿಯಿಂದ ತರಿಸಬೇಕು, ಹದಿನೈದು ಇಪ್ಪತ್ತು ದಿನ ಬೇಕು, ಬಿಲ್ 31ರೊಳಗೆ ಕೈಗೆ ಸಿಗಲ್ಲ. ಹಣ ತಡವಾಗಿ ಬಂದರೆ ಅಂಗಡಿಯಲ್ಲಿ ಇದ್ದದ್ದನ್ನು ಕೊಳ್ಳಬೇಕಾಗುತ್ತೆ, ಬೇಕಾದದ್ದನ್ನು ಕೊಳ್ಳೋಕಾಗಲ್ಲ. ಗಡುವಿನಿಂದ ಆಗೋ ನಿಜವಾದ ನಷ್ಟ ಇದು. ನೂರಕ್ಕೆ ನೂರು ಖರ್ಚಾಗಿದೆ ಅಂತ ಲೆಕ್ಕದಲ್ಲಿ ಇದು ಕಾಣೋದೇ ಇಲ್ಲ.

ತಾಲ್ಲೂಕು ಲೆಕ್ಕಿಗ:
ಸಿಸ್ಟರ್ ಹೇಳಿದ್ದು ಅಕ್ಷರಶಃ ನಿಜ. ಹಣ ಯಾಕೆ ತಡ ಆಗುತ್ತೆ ಅನ್ನೋದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಲ್ಲಿ ತುಂಬ ಜನ ಜಿಲ್ಲಾ ಕಚೇರಿಯವರೇ ತಡೆ ಹಿಡೀತಾರೆ ಅಂದುಕೊಂಡಿದಾರೆ.

ಅಭಿಯಾನದ ಹಣ ಕೇಂದ್ರ 60, ರಾಜ್ಯ 40. ಕೇಂದ್ರ ಒಂದು ಸಲಕ್ಕೆ ವರ್ಷದ ಪಾಲಿನ ಶೇ 25ಕ್ಕಿಂತ ಹೆಚ್ಚು ಬಿಡಲ್ಲ. ಅದು ರಾಜ್ಯದ ಖಜಾನೆಗೆ ಬಂದ ಮೇಲೆ ರಾಜ್ಯ ತನ್ನ ಪಾಲು ಸೇರಿಸಿ ಎಸ್‌ಎನ್‌ಎ ಖಾತೆಗೆ ಹಾಕಬೇಕು. ಮುಂದಿನ ಕಂತು ಬೇಕಾದರೆ ಹಿಂದೆ ಬಂದದ್ದರಲ್ಲಿ ಕನಿಷ್ಠ ಶೇ 75 ಖರ್ಚಾಗಿರಬೇಕು. ಈ ಶೇ 75 ಲೆಕ್ಕ ಹಾಕೋದು ಇಡೀ ರಾಜ್ಯಕ್ಕೆ. ನಿಮ್ಮ ಕೇಂದ್ರ ಪೈಸೆ ಉಳಿಸದೆ ಖರ್ಚು ಮಾಡಿದ್ದರೂ ಇನ್ನೆಲ್ಲೋ ಕಟ್ಟಡದ ಹಣ ನಿಂತಿದ್ದರೆ ನಿಮ್ಮ ಕಂತೂ ನಿಲ್ಲುತ್ತೆ. ಅದಕ್ಕೂ ಮುಂಚೆ ಪಿಐಪಿಗೆ, ಅಂದರೆ ಅಭಿಯಾನದಡಿ ರಾಜ್ಯ ಮಾಡೋ ಕಾರ್ಯಯೋಜನೆಗೆ, ದೆಹಲಿಯ ಒಪ್ಪಿಗೆ ಬೇಕು. ಈಗ ಎರಡು ವರ್ಷಕ್ಕೊಂದೇ ಪಿಐಪಿ ಆಗಿರೋದರಿಂದ (2022-24, ಆಮೇಲೆ 2024-26) ಎರಡನೇ ವರ್ಷದಲ್ಲಿ ಆ ಕಾಯುವಿಕೆ ಸ್ವಲ್ಪ ತಪ್ಪಿದೆ. ಇದು ಒಳ್ಳೆಯ ಬದಲಾವಣೆ.

ಎಸ್‌ಎನ್‌ಎ-ಸ್ಪರ್ಶ್ ಅನ್ನೋ ಹೊಸ ಪದ್ಧತಿಯಲ್ಲಿ ಬ್ಯಾಂಕ್ ಖಾತೆಯಲ್ಲಿ ಹಣ ನಿಲ್ಲೋದೇ ಇಲ್ಲ. ಬಿಲ್ ಖಜಾನೆಯಲ್ಲಿ ಪಾಸಾದರೆ ರಿಸರ್ವ್ ಬ್ಯಾಂಕಿನ ಇ-ಕುಬೇರ್ ಮೂಲಕ ನೇರ ಮಾರಾಟಗಾರರ ಖಾತೆಗೆ. ಕೇಳೋಕೆ ಚೆಂದ. ಆದರೆ ಡಾಕ್ಟರ್ ವರ್ಗಾವಣೆ ಆದರೆ ಹೊಸಬರ ಡಿಜಿಟಲ್ ಸಹಿ ನೋಂದಣಿ ಆಗೋವರೆಗೂ ಒಂದು ಬಿಲ್ಲೂ ಅಲುಗಾಡಲ್ಲ. ಹೊಸ ವೈದ್ಯರು ಬಂದ ವಾರವೇ ಅರ್ಜಿ ಹಾಕಿಸಿ ಅಂತ ಎಲ್ಲ ಕೇಂದ್ರದವರಿಗೂ ಕೈಮುಗಿದು ಕೇಳ್ತೀನಿ.

ಸಮಿತಿ ಸದಸ್ಯೆ:
ನಾನು ಗ್ರಾಮ ಪಂಚಾಯಿತಿಯಿಂದ ಆರೋಗ್ಯ ರಕ್ಷಾ ಸಮಿತಿಗೆ ನಾಮನಿರ್ದೇಶನವಾದವಳು. ವೈದ್ಯರು 'ಸಮಿತಿಯ ಠರಾವಿನ ಮೇಲೆ ಖರ್ಚು' ಅಂತ ಬರೆದಿದ್ದೀರಿ. ನನ್ನ ಅನುಭವ ಬೇರೆ. ಮೀಟಿಂಗ್ ಅಂತ ಕರೆಯೋದೇ ಮಾರ್ಚ್‌ನಲ್ಲಿ. ಹೋದರೆ ನಡಾವಳಿ ಪುಸ್ತಕದಲ್ಲಿ ಎಲ್ಲ ಬರೆದಾಗಿರುತ್ತೆ, ಸಹಿ ಹಾಕೋ ಜಾಗ ಮಾತ್ರ ಖಾಲಿ. ಏನು ತಗೊಂಡ್ರಿ, ಯಾಕೆ ತಗೊಂಡ್ರಿ ಅಂತ ಕೇಳಿದರೆ 'ಟೈಮಿಲ್ಲ ಮೇಡಂ, ಹಣ ವಾಪಸ್ ಹೋಗುತ್ತೆ' ಅಂತಾರೆ. ಗಡುವನ್ನು ಮುಂದಿಟ್ಟುಕೊಂಡು ನಮ್ಮ ಬಾಯಿ ಮುಚ್ಚಿಸ್ತಾರೆ. ಹಣ ವಾಪಸ್ ಹೋದರೆ ಊರಿಗೆ ನಷ್ಟ ಮಾಡಿದವಳು ನಾನೇ ಆಗ್ತೀನಲ್ಲ ಅನ್ನೋ ಭಯಕ್ಕೆ ಸಹಿ ಬೀಳುತ್ತೆ.

ಅದಕ್ಕೆ ಗಡುವು ತೆಗೆದರೆ ಎಲ್ಲ ಸರಿಹೋಗುತ್ತೆ ಅಂತ ನನಗನಿಸಲ್ಲ. ಜೂನ್‌ನಲ್ಲಿ ನಮ್ಮನ್ನು ಕೂರಿಸಿ 'ಈ ವರ್ಷ ಏನು ಬೇಕು' ಅಂತ ಕೇಳಿದ್ದರೆ ಗ್ಯಾಸ್ಕೆಟ್ ಪಟ್ಟಿಯ ಮೊದಲನೇ ಸಾಲಲ್ಲಿ ಇರ್ತಿತ್ತು. ಬಾಣಂತಿಯರ ಕಡೆಯವರಿಗೆ ಮಲಗೋಕೆ ಜಾಗ ಇಲ್ಲ ಅನ್ನೋದೂ ಇರ್ತಿತ್ತು.

ಬಯಲುಸೀಮೆ ವೈದ್ಯ:
ಮೇಡಂ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ವೈದ್ಯರ ಕಡೆಯಿಂದಲೂ ಒಂದು ಮಾತು ಕೇಳಿ. ಓಪಿಡಿ, ಪೋಸ್ಟ್‌ಮಾರ್ಟಂ, ಎಂಎಲ್‌ಸಿ (ಪೊಲೀಸ್ ಕೇಸಿನ ತಪಾಸಣೆ), ಕೋರ್ಟ್ ಸಾಕ್ಷಿ, ರಾತ್ರಿ ಡ್ಯೂಟಿ ಇವೆಲ್ಲದರ ನಡುವೆ ಆಡಳಿತ. ಹಣ ಬರುತ್ತೋ ಇಲ್ಲವೋ, ಎಷ್ಟು ಬರುತ್ತೆ ಅಂತ ತಿಳಿಯದೆ ಜೂನ್‌ನಲ್ಲಿ ಪಟ್ಟಿ ಮಾಡಿ ಆಸೆ ಹುಟ್ಟಿಸೋದು ಹೇಗೆ? 5 ಲಕ್ಷ ಅನ್ನೋದು ಗರಿಷ್ಠ ಮಿತಿ, ಬರೋ ರೋಗಿಗಳ ಸಂಖ್ಯೆ ನೋಡಿ ಕಡಿಮೆಯೂ ಕೊಡ್ತಾರೆ.

ಸಮಿತಿ ಸದಸ್ಯೆ:
ಹಣ ಬಾರದಿದ್ದರೂ ಪಟ್ಟಿ ಮಾಡೋಕೆ ಖರ್ಚೇನೂ ಇಲ್ಲ ಡಾಕ್ಟ್ರೇ. ಮಳೆ ಬಂದ ಮೇಲೆ ಬೀಜ ಹುಡುಕೋಕೆ ಹೋದ ರೈತನ ಕಥೆ ಆಗಬಾರದು ಅಷ್ಟೇ. ಎಷ್ಟು ಬರುತ್ತೆ ಅಂತ ಗೊತ್ತಿಲ್ಲದಿದ್ದರೆ ಮೊದಲು ಬೇಕಾದದ್ದು ಮೇಲೆ, ಆಮೇಲಿನದ್ದು ಕೆಳಗೆ ಬರೆದಿಡಿ.

ಕಾಯಕಲ್ಪದವರು:
ಗಡುವು ಅಂದರೆ ಮಾರ್ಚ್ 31 ಒಂದೇ ಅಲ್ಲ. ಕಾಯಕಲ್ಪ (ಆಸ್ಪತ್ರೆ ಸ್ವಚ್ಛತೆಯ ಬಹುಮಾನ) ಮತ್ತು ಎನ್‌ಕ್ಯೂಎಎಸ್ (ರಾಷ್ಟ್ರೀಯ ಗುಣಮಟ್ಟ ಮಾನದಂಡ) ದಿನಾಂಕಗಳನ್ನು ನಮ್ಮ ಸಿಎಚ್‌ಸಿಗಳು ಮರೆತೇ ಬಿಡುತ್ತವೆ, ಅಲ್ಲಿ ಕೈತಪ್ಪುವ ಹಣ ಸಣ್ಣದಲ್ಲ. 2015ರಲ್ಲಿ ಶುರುವಾದ ಕಾಯಕಲ್ಪದಲ್ಲಿ ಶೇ 70 ಅಂಕ ದಾಟಿದ ಸಿಎಚ್‌ಸಿಗೆ 1 ಲಕ್ಷ ಪ್ರಶಂಸಾ ಬಹುಮಾನ, ಮೊದಲ ಸ್ಥಾನಕ್ಕೆ 15 ಲಕ್ಷ. ಎನ್‌ಕ್ಯೂಎಎಸ್ ಪ್ರಮಾಣೀಕರಣ ಸಿಕ್ಕರೆ ಹಾಸಿಗೆಗೆ 10 ಸಾವಿರದಂತೆ, ಅಂದರೆ 30 ಹಾಸಿಗೆಗೆ ವರ್ಷಕ್ಕೆ 3 ಲಕ್ಷ. ಪ್ರಮಾಣಪತ್ರಕ್ಕೆ ಮೂರು ವರ್ಷದ ಆಯಸ್ಸು, ನಡುವೆ ವರ್ಷ ವರ್ಷವೂ ಪರಿಶೀಲನೆ. ಹೆರಿಗೆ ಕೊಠಡಿಗೆ ಲಕ್ಷ್ಯ ಕಾರ್ಯಕ್ರಮದ್ದು ಬೇರೆಯೇ ಇದೆ.

ಸ್ವಯಂ ಮೌಲ್ಯಮಾಪನವನ್ನು ವರ್ಷದ ಆರಂಭದಲ್ಲೇ ಮುಗಿಸಿದರೆ ಕೊರತೆಗಳ ಪಟ್ಟಿ ತಾನಾಗಿ ಕೈಗೆ ಸಿಗುತ್ತದೆ. ಸದಸ್ಯೆ ಕೇಳುತ್ತಿರುವ ಪಟ್ಟಿ ಅದೇ. ಸಿಸ್ಟರ್ ಹೇಳಿದ ಆಟೋಕ್ಲೇವ್ ಸೋಂಕು ನಿಯಂತ್ರಣ ವಿಭಾಗದಲ್ಲಿ ನೇರ ಅಂಕ ಕಳೆಯುವ ವಿಷಯ.

ಮಲೆನಾಡಿಗ:
5 ಲಕ್ಷಕ್ಕೆ ಇಷ್ಟು ಚರ್ಚೆ ಬೇಕು, ಒಪ್ತೀನಿ. ಆದರೆ ದೊಡ್ಡ ಗಡುವಿನ ಬಗ್ಗೆ ಯಾರೂ ಮಾತಾಡ್ತಿಲ್ಲ. 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆ ಅಂತ ಐದು ವರ್ಷಕ್ಕೆ ಹೇಳಿದ್ದು 70,051 ಕೋಟಿ. 2021ರ ಅಕ್ಟೋಬರ್‌ನಲ್ಲಿ ಶುರುವಾದ ಪಿಎಂ-ಅಭಿಮ್ (ಆರೋಗ್ಯ ಮೂಲಸೌಕರ್ಯದ ಯೋಜನೆ) 64,180 ಕೋಟಿಯದ್ದು. ತಾಲ್ಲೂಕಿಗೊಂದು ಸಾರ್ವಜನಿಕ ಆರೋಗ್ಯ ಘಟಕ, ಲ್ಯಾಬು, ಉಪಕೇಂದ್ರದ ಕಟ್ಟಡ ಎಲ್ಲ ಇದರಲ್ಲೇ. ಎರಡಕ್ಕೂ ನಿಗದಿಯಾದ ಅವಧಿ 2025-26ರವರೆಗೆ. 2024-26ರ ಪಿಐಪಿಯೂ ಅಲ್ಲಿಗೇ. ಮೂರೂ ಒಂದೇ ದಿನ, 2026ರ ಮಾರ್ಚ್ 31ಕ್ಕೆ. ನಮ್ಮ ಕಡೆ ವರ್ಷದಲ್ಲಿ ನಾಲ್ಕೈದು ತಿಂಗಳು ಮಳೆ, ಆಗ ಸಿಮೆಂಟ್ ಕೆಲಸ ಆಗಲ್ಲ. ಬಯಲುಸೀಮೆಯ ಲೆಕ್ಕದಲ್ಲೇ ನಮ್ಮ ಕಾಮಗಾರಿಗೂ ದಿನಾಂಕ ಕೊಟ್ಟರೆ ಹೇಗೆ? ಗುಡ್ಡಗಾಡಿಗೆ 80,000 ಜನಕ್ಕೊಂದು ಸಿಎಚ್‌ಸಿ, ಬಯಲಿಗೆ 1,20,000ಕ್ಕೊಂದು ಅಂತ ಜನಸಂಖ್ಯೆಯಲ್ಲಿ ರಿಯಾಯಿತಿ ಇದೆ. ಆ ರಿಯಾಯಿತಿ ಕ್ಯಾಲೆಂಡರಿನಲ್ಲೂ ಇರಲಿ.

ಮತ್ತೆ ಕಟ್ಟಡ ಕಟ್ಟಿದರೂ ಒಳಗೆ ಯಾರು? 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದಲ್ಲಿ ದೇಶದ ಗ್ರಾಮೀಣ ಸಿಎಚ್‌ಸಿಗಳಲ್ಲಿ ತಜ್ಞ ವೈದ್ಯರ ಕೊರತೆ ಶೇ 79.5. ಅನ್‌ಟೈಡ್ ಹಣದಿಂದ ಸಂಬಳ ಕೊಡೋ ಹಾಗಿಲ್ಲ.

ನಿವೃತ್ತ ಆಡಿಟ್:
ಮಲೆನಾಡಿನ ಕ್ಯಾಲೆಂಡರ್ ಮಾತು ತೂಕದ್ದು. ಕಾಮಗಾರಿಗೂ ದೈನಂದಿನ ಖರ್ಚಿಗೂ ಒಂದೇ ಅಳತೆ ಹಿಡಿಯಬಾರದು. ತಜ್ಞರ ಕೊರತೆ ನೇಮಕಾತಿಯ ಪ್ರಶ್ನೆ, ಅದನ್ನು ಇಲ್ಲಿ ಬೆರೆಸಿದರೆ ಎರಡೂ ಹಾಳಾಗುತ್ತವೆ.

ವೈದ್ಯರಿಗೆ ಒಂದು ದಾರಿ ತೋರಿಸುತ್ತೇನೆ. ಮಾರ್ಚ್ 31ರೊಳಗೆ ಠರಾವು ಆಗಿ, ಕೊಟೇಶನ್ ಕರೆದು, ಸರಬರಾಜು ಆದೇಶ ಹೊರಟಿದ್ದರೆ ಆ ಮೊತ್ತವನ್ನು ಬದ್ಧ ಬಾಕಿ ಎಂದು ತೋರಿಸಿ ಮುಂದಿನ ವರ್ಷಕ್ಕೆ ಒಪ್ಪಿಗೆ ಕೇಳುವ ಅವಕಾಶ ಅಭಿಯಾನದ ಲೆಕ್ಕದಲ್ಲೇ ಇದೆ. ಸುಮ್ಮನೆ ಉಳಿದ ಹಣ ಬೇರೆ, ಆದೇಶ ಹೊರಟು ಸಾಮಗ್ರಿ ಬರಬೇಕಾದ ಹಣ ಬೇರೆ. ಎರಡನೆಯದಕ್ಕೆ ನಾನು ಎಂದೂ ಆಕ್ಷೇಪ ಬರೆದವನಲ್ಲ. ಪರದೆ ಕೊಳ್ಳುವ ಬದಲು ಗ್ಯಾಸ್ಕೆಟ್‌ಗೆ ಆದೇಶ ಕೊಟ್ಟು ಬದ್ಧ ಬಾಕಿ ಎಂದು ಬರೆಯಬೇಕಿತ್ತು.

ಹೆರಿಗೆ ಕೊಠಡಿ ಸಿಸ್ಟರ್:
ಇದನ್ನ ನಮಗೆ ಯಾರೂ ಹೇಳಲಿಲ್ಲ ಸರ್. ಫೋನಿನಲ್ಲಿ ಬರೋದು ಶೇಕಡಾವಾರು ಮಾತ್ರ. ಬದ್ಧ ಬಾಕಿ ತೋರಿಸಿದ ಕೇಂದ್ರವನ್ನ ಖರ್ಚು ಮಾಡದ ಕೇಂದ್ರ ಅಂತಲೇ ಪಟ್ಟಿಯಲ್ಲಿ ಕೆಂಪು ಬಣ್ಣದಲ್ಲಿ ತೋರಿಸ್ತಾರೆ.

ತಾಲ್ಲೂಕು ಲೆಕ್ಕಿಗ:
ಹೌದು, ಆ ಪಟ್ಟಿ ತಯಾರಿಸೋ ನಮಗೆ ಬದ್ಧ ಬಾಕಿಗೆ ಬೇರೆ ಕಾಲಂ ಕೊಟ್ಟಿಲ್ಲ. ಜಿಲ್ಲಾ ಸಭೆಯಲ್ಲಿ ಕಾಲಂ ಸೇರಿಸಿ ಅಂತ ಕೇಳೋದು ನನ್ನ ಕೆಲಸ, ಬರೆದು ಕೊಡ್ತೀನಿ.

ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗೂ ಕ್ಲೈಮ್ ಹಣ ಬರುತ್ತೆ. ಅದರಲ್ಲಿ ಆಸ್ಪತ್ರೆಯ ಪಾಲು ಆರೋಗ್ಯ ರಕ್ಷಾ ಸಮಿತಿಗೆ ಬಂದರೆ ಅನ್‌ಟೈಡ್ ಲಿಮಿಟ್ ಥರ ಮಾರ್ಚ್ 31ಕ್ಕೆ ಹೋಗಲ್ಲ. ಅನ್‌ಟೈಡ್ ಬರೋವರೆಗೆ ಗ್ಯಾಸ್ಕೆಟ್‌ನಂಥ ತುರ್ತಿಗೆ ಸಮಿತಿ ಠರಾವಿನಿಂದ ಅದನ್ನೇ ಬಳಸಬಹುದು. ಬಹಳ ಕೇಂದ್ರಗಳು ಕ್ಲೈಮ್ ಹಾಕೋದನ್ನೇ ಮುಂದೂಡ್ತಾ ಹೋಗ್ತಾರೆ, ಪ್ರಿ-ಆಥ್ (ಚಿಕಿತ್ಸೆಗೆ ಮುಂಚಿನ ಒಪ್ಪಿಗೆ) ಹಾಕದ ಕೇಸಿನ ಹಣ ಸಿಗಲ್ಲ.

ಬಯಲುಸೀಮೆ ವೈದ್ಯ:
ಬದ್ಧ ಬಾಕಿ ದಾರಿ ಬಳಸ್ತೀನಿ. ಆದರೂ ನನ್ನ ಮೂಲ ಪ್ರಶ್ನೆ ಹಾಗೇ ಇದೆ. ಖರ್ಚು ಮಾಡೋಕೆ ನಮಗೆ ದಿನಾಂಕ ಇದೆ, ಮೀರಿದರೆ ನೋಟಿಸ್ ಇದೆ. ಲಿಮಿಟ್ ಬಿಡುಗಡೆ ಮಾಡೋರಿಗೆ ಯಾವ ದಿನಾಂಕ? ಮೊದಲ ಕಂತು ಜೂನ್ 30ರೊಳಗೆ ಆರೋಗ್ಯ ಕೇಂದ್ರದ ಮಟ್ಟಕ್ಕೆ ಬಾರದಿದ್ದರೆ ಅಷ್ಟು ತಿಂಗಳು ನಮ್ಮ ಗಡುವೂ ಮುಂದೆ ಹೋಗಲಿ. ಗಡುವೇ ಬೇಡ ಅನ್ನೋದನ್ನ ಬಿಡ್ತೀನಿ, ಇದನ್ನ ಬಿಡಲ್ಲ.

ನಿವೃತ್ತ ಆಡಿಟ್:
ಬಿಡುಗಡೆಗೆ ದಿನಾಂಕ ಬೇಕು ಎನ್ನುವುದಕ್ಕೆ ನನ್ನ ಪೂರ್ಣ ಬೆಂಬಲ. ಗಡುವು ಮುಂದೆ ಹೋಗಲಿ ಎನ್ನುವುದಕ್ಕೆ ಇಲ್ಲ. ವರ್ಷದ ಲೆಕ್ಕ ವರ್ಷಕ್ಕೆ ಮುಗಿಯದಿದ್ದರೆ ಮತ್ತೆ 2021ಕ್ಕೆ ಮುಂಚಿನ ಸ್ಥಿತಿಗೇ ಹೋಗುತ್ತೇವೆ.

ಸಮಿತಿ ಸದಸ್ಯೆ:
ನೀವಿಬ್ಬರೂ ವಾದ ಮಾಡ್ತಾ ಇರಿ. ಏಪ್ರಿಲ್ ಮೊದಲ ವಾರ ನಮ್ಮ ಸಮಿತಿಯ ಸಭೆ ಕರೆಯಿರಿ ಅಂತ ನಾನು ಲಿಖಿತವಾಗಿ ಕೇಳ್ತೀನಿ. ವರ್ಷದ ಪಟ್ಟಿ, ಯಾವ ವಸ್ತುವಿಗೆ ಎಷ್ಟು ದಿನ ಬೇಕು, ಲಿಮಿಟ್ ಬಂದ ದಿನಾಂಕ, ಇವು ಮೂರೂ ಓಪಿಡಿ ಹೊರಗಿನ ಗೋಡೆಯ ಮೇಲೆ ಬರಬೇಕು. ಲೆಕ್ಕಿಗರೇ, ಆ ಪತ್ರ ಹೇಗೆ ಬರೀಬೇಕು, ಯಾರಿಗೆ ಪ್ರತಿ ಕಳಿಸಬೇಕು ಅಂತ ಹೇಳ್ತೀರಾ?

ತಾಲ್ಲೂಕು ಲೆಕ್ಕಿಗ:
ಸಮಿತಿಯ ಅಧ್ಯಕ್ಷರ ಹೆಸರಿಗೆ ಬರೀರಿ, ಸದಸ್ಯ ಕಾರ್ಯದರ್ಶಿಯಾದ ಆಡಳಿತ ವೈದ್ಯಾಧಿಕಾರಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಒಂದೊಂದು ಪ್ರತಿ. ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ವಿಷಯ ಸೂಚಿಯಲ್ಲಿ ಮೂರು ಕೊಟೇಶನ್ ಈಗಲೇ ತರಿಸೋದನ್ನೂ ಸೇರಿಸಿ, ಲಿಮಿಟ್ ಬಂದ ದಿನವೇ ಆದೇಶ ಹೊರಡಬಹುದು.