ಅಪ್‌ಡೇಟ್: ಗುಲ್‌ಮೊಹರ್ ಕಡಿಸಲಿಲ್ಲ

ಬೇಸಿಗೆಯ ಗಾಳಿಮಳೆಗೆ ಮೈಸೂರಿನ ನಮ್ಮ ಮನೆಯ ಹಳೇ ಗುಲ್‌ಮೊಹರ್‌ನ ಕೊಂಬೆ ಮುರಿದು ಪಕ್ಕದ ಮನೆ ಶೀಟ್ ಮೇಲೆ ಬಿದ್ದಿತ್ತು. ಮರ ಕಡಿಸಬೇಕಾ, ಉಳಿಸಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಮರ ಉಳಿದಿದೆ.

ಮರದ ಕೆಲಸ ಗೊತ್ತಿರುವವರೊಬ್ಬರನ್ನು ಕರೆಸಿದೆವು. ಅವರು ಮೇಲೆ ನೋಡುವ ಮೊದಲು ಬುಡ ನೋಡಿದರು. ಅಣಬೆ ಎದ್ದಿದೆಯಾ, ಒಂದು ಕಡೆ ಮಣ್ಣು ಬಿರುಕು ಬಿಟ್ಟಿದೆಯಾ ಅಂತ. ಎರಡೂ ಇರಲಿಲ್ಲ. ಸುತ್ತಿಗೆಯಿಂದ ಕಾಂಡ ತಟ್ಟಿದರು, ಪೊಳ್ಳು ಸದ್ದು ಬರಲಿಲ್ಲ.

ತಲೆ ಪೂರ್ತಿ ಬೋಳಿಸಿಬಿಡಿ ಅಂತ ಪಕ್ಕದ ಮನೆ ಅಂಕಲ್ ಹಟ. ಹಾಗೆ ಮಾಡಿದರೆ ಆಮೇಲೆ ಚಿಗುರುವ ಕೊಂಬೆಗಳ ಹಿಡಿತ ಸಡಿಲ, ಜೋರು ಗಾಳಿಗೆ ಅವೇ ಮೊದಲು ಬೀಳೋದು. ಒಣಗಿದ್ದು, ಶೀಟ್ ಕಡೆ ಚಾಚಿದ್ದು ಮಾತ್ರ ತೆಗೆಸಿದೆವು. ಮೊದಲು ಕೊಂಬೆಯ ಅಡಿಯಿಂದ ಒಂದು ಕಚ್ಚು, ಆಮೇಲೆ ಸ್ವಲ್ಪ ಆಚೆ ಮೇಲಿನಿಂದ ಗರಗಸ. ತೊಗಟೆ ಸಿಗಿದುಕೊಂಡು ಬರಲಿಲ್ಲ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿರುತ್ತೆ ಅಲ್ವಾ, ಉಳಿದ ಮೋಟನ್ನು ಆ ಉಬ್ಬಿನ ಹೊರಗೆ ಕತ್ತರಿಸಿದರು. ಗಾಯಕ್ಕೆ ಟಾರ್ ಬಳಿಯೋಣ್ವಾ ಅಂದೆ. ಸುಮ್ನೆ ಬಿಡಿ, ಒಳಗೆ ತೇವ ನಿಲ್ಲುತ್ತೆ ಅಂದರು.

ಬುಡದ ಸುತ್ತ ಇದ್ದ ಸಿಮೆಂಟ್ ಒಡೆಸಿದೆವು. ರಂಗೋಲಿಗೆ ಜಾಗ ಹೋಯ್ತು ಅಂತ ಅತ್ತೆಗೆ ಬೇಜಾರು.

ಕಡಿಸಿ ಅಂದವರಿಗೆ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ, ಸ್ವಂತ ಜಾಗದಲ್ಲಿದ್ದರೂ ಬಹುತೇಕ ಮರಗಳಿಗೆ ವೃಕ್ಷ ಅಧಿಕಾರಿಯ ಅನುಮತಿ ಬೇಕು.

ಕರೆಂಟ್ ತಂತಿ ಹತ್ತಿರದ ಒಂದು ಕೊಂಬೆ ಬಾಕಿ ಇದೆ. ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಕೊಟ್ಟಿದ್ದೇವೆ, ಲೈನ್ ಆಫ್ ಆಗದೆ ಅದನ್ನು ಯಾರೂ ಮುಟ್ಟಲ್ಲ.