ಮುಟ್ಟಿನ ಡೇಟ್‌ಗೆ ಒಂದು ವಾರ ಇರುವಾಗ್ಲೇ ಶುರುವಾಗುತ್ತೆ, ಯಾರಿಗಾದ್ರೂ ಹಿಂಗಾಗುತ್ತಾ?

ಕಾಫಿಪ್ರಿಯೆ:
ವಯಸ್ಸು 31, ಒಂದು ಮಗು ಇದೆ. ಡೇಟ್‌ಗೆ ಇನ್ನೊಂದು ವಾರ ಇದೆ ಅನ್ನುವಾಗ್ಲೇ ಎದೆ ಭಾರ, ಹೊಟ್ಟೆ ಉಬ್ಬರ, ರಾತ್ರಿ ನಿದ್ದೆ ಇಲ್ಲ, ಮನೆಯವ್ರು ಸಾರಿಗೆ ಉಪ್ಪು ಕಮ್ಮಿ ಆಯ್ತು ಅಂದ್ರೂ ಅಳು ಬರುತ್ತೆ, ಮಗು ಮೇಲೆ ರೇಗ್ತೀನಿ ಆಮೇಲೆ ಪಾಪ ಅನ್ಸುತ್ತೆ. ಮುಟ್ಟಾಗಿ ಎರಡು ದಿನಕ್ಕೆ ಎಲ್ಲ ಮಾಯ. ಥೈರಾಯ್ಡು, ಹಾರ್ಮೋನು ಎರಡೂ ಟೆಸ್ಟ್ ನಾರ್ಮಲ್. ಅತ್ತೆ "ನಮ್ಗೆಲ್ಲ ಇಂಥದ್ದು ಇರ್ಲಿಲ್ಲಮ್ಮ" ಅಂತಾರೆ. ನಾನೇ ಅತಿ ಮಾಡ್ತಿದೀನಾ?

ಪಿಜಿ_ಡ್ಯೂಟಿ:
ಅತಿ ಏನಿಲ್ಲ. ಪಿಎಂಎಸ್ (ಮುಟ್ಟಿಗೆ ಮುಂಚಿನ ದಿನಗಳಲ್ಲಿ ಬಂದು ಹೋಗೋ ಇಂಥ ತೊಂದರೆಗಳು) ಇರೋರಿಗೆ ಹಾರ್ಮೋನ್ ರಿಪೋರ್ಟ್ ಸಾಮಾನ್ಯವಾಗಿ ನಾರ್ಮಲ್ಲೇ ಬರುತ್ತೆ, ಅದಕ್ಕೆ ಅಂತ ಬ್ಲಡ್ ಟೆಸ್ಟೇ ಇಲ್ಲ. ಅಂಡ ಬಿಡುಗಡೆ ಆದ್ಮೇಲೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಏರಿ ಮುಟ್ಟಿಗೆ ಮುಂಚೆ ಇಳಿಯುತ್ತೆ, ಎಲ್ಲರಿಗೂ ಅಷ್ಟೇ, ಕೆಲವರ ಮಿದುಳಿಗೆ ಮಾತ್ರ ಆ ಏರಿಳಿತ ಜಾಸ್ತಿ ತಟ್ಟುತ್ತೆ, ಮನಸ್ಥಿತಿಗೆ ಸಂಬಂಧಪಟ್ಟ ಮಿದುಳಿನ ರಾಸಾಯನಿಕ ಸೆರೊಟೋನಿನ್ ಕೂಡ ಇದರಲ್ಲಿ ಸೇರ್ಕೊಂಡಿದೆ. ಎರಡು ತಿಂಗಳು ದಿನಾ ರಾತ್ರಿ ಬರೆದಿಡಿ: ಸಿಟ್ಟು, ಅಳು, ನಿದ್ದೆ, ಊತ, ಒಂದೊಂದಕ್ಕೂ ಸೊನ್ನೆಯಿಂದ ಮೂರು ಮಾರ್ಕ್ಸ್. ನೆನಪಿಂದ ಹೇಳಿದ್ರೆ ಆಗಲ್ಲ, ಅವತ್ತಿಂದು ಅವತ್ತೇ. ಮುಟ್ಟು ನಿಂತ ಮೇಲಿನ ವಾರ ಪೂರ್ತಿ ಆರಾಮಿದ್ರೆ ಪಿಎಂಎಸ್ ಕಡೆಗೆ ಬೊಟ್ಟು. ಆ ವಾರಾನೂ ಮಂಕಾಗೇ ಇದ್ರೆ ಡಿಪ್ರೆಶನ್, ರಕ್ತಹೀನತೆ ಇಂಥದ್ದೇನಾದ್ರೂ ಇದ್ಯಾ ನೋಡ್ಬೇಕು.

ಮೆಡಿಕಲ್‌ಶಾಪ್_ಅಕ್ಕ:
ನಮ್ ಅಂಗಡೀಲಿ ಇದಕ್ಕೆ ಅಂತ ಪ್ರಿಮ್‌ರೋಸ್ ಎಣ್ಣೆ ಕ್ಯಾಪ್ಸೂಲ್ ಕೇಳ್ಕೊಂಡು ಬರ್ತಾನೇ ಇರ್ತಾರೆ, ದುಬಾರಿ, ಉಪಯೋಗಕ್ಕೆ ಗಟ್ಟಿ ಆಧಾರ ಕಮ್ಮಿ. ಕ್ಯಾಲ್ಸಿಯಂ ಪರವಾಗಿಲ್ಲ, ದಿನಕ್ಕೆ 1200 ಮಿ.ಗ್ರಾಂ ಕೊಟ್ಟು ನೋಡಿದಾಗ ಕೆಲವರಿಗೆ ಕಮ್ಮಿ ಆಗಿದೆ. ನೂರು ಗ್ರಾಂ ರಾಗಿ ಹಿಟ್ಟಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತೆ, ಮೇಲೆ ಹಾಲು ಮೊಸರು ಲೆಕ್ಕ ಹಾಕಿ, ಉಳಿದಷ್ಟಕ್ಕೆ ಮಾತ್ರೆ ಬೇಕಾ ಅಂತ ಡಾಕ್ಟ್ರನ್ನ ಕೇಳಿ. ಬಿ6 ವಿಟಮಿನ್ ಮಾತ್ರೆ ಮಾತ್ರ ಮನಸ್ಸಿಗೆ ಬಂದಷ್ಟು ನುಂಗ್ಬೇಡಿ, ಡೋಸ್ ಜಾಸ್ತಿ ಆಗಿ ತುಂಬಾ ದಿನ ತಗೊಂಡ್ರೆ ಕೈಕಾಲು ಜೋಮು ಹಿಡಿಯುತ್ತೆ, ನರಕ್ಕೇ ಪೆಟ್ಟು.

ಗಂಡಸ್ರ_ಕಡೆಯಿಂದ:
ಮನೆಯವ್ರಿಗೂ ಈ ಥ್ರೆಡ್ ತೋರಿಸಿ. ನಮ್ಮನೇಲಿ ಕ್ಯಾಲೆಂಡರಲ್ಲಿ ಚುಕ್ಕೆ ಇಡ್ತೀವಿ, ಆ ವಾರ ಮಕ್ಕಳ ಹೋಂವರ್ಕ್ ನಂದು. ಜಗಳ ಆಗ್ತಿರುವಾಗ "ಡೇಟ್ ಹತ್ರ ಬಂತಾ" ಅಂತ ಮಾತ್ರ ಕೇಳ್ಬಾರ್ದು ಸ್ವಾಮಿ, ಅವಳು ಹೇಳ್ತಿರೋ ವಿಷ್ಯ ಸರಿಯಾಗೇ ಇರುತ್ತೆ.

ಹುಬ್ಬಳ್ಳಿ_ಹುಡುಗಿ:
ನಂಗ ಇದಕ್ಕಿಂತ ಜೋರ್ ಇತ್ರಿ, ಬದುಕೋದಾ ಬ್ಯಾಡ ಅನ್ನಸ್ತಿತ್ತು, ಮುಟ್ಟಾದ್ ಕೂಡ್ಲೇ ಆ ವಿಚಾರನೂ ಹೋಗ್ತಿತ್ತು. ಅದಕ್ಕ ಪಿಎಂಡಿಡಿ ಅಂತಾರ, ಪಿಎಂಎಸ್‌ನ ಭಾಳ ಜೋರಾದ ರೂಪ, 2013ರಾಗ ಅಮೆರಿಕದ ಸೈಕಿಯಾಟ್ರಿ ಡಾಕ್ಟರ್‌ಗಳ ಮಾನಸಿಕ ಕಾಯಿಲೆಗಳ ಡಿಎಸ್‌ಎಂ ಪಟ್ಟಿಯೊಳಗ ಬ್ಯಾರೆ ಕಾಯಿಲೆ ಅಂತ ಸೇರಿಸ್ಯಾರ. ಡಾಕ್ಟರ್ ಎಸ್‌ಎಸ್‌ಆರ್‌ಐ ಅನ್ನೋ, ಡಿಪ್ರೆಶನ್‌ಗೂ ಕೊಡೋ ಗುಳಗಿ ಕೊಟ್ರು, ಮುಟ್ಟಿಗೆ ಮುಂಚಿನ ಎರಡು ವಾರ ಅಷ್ಟ ತಗೊಳ್ಳೋ ಪದ್ಧತಿನೂ ಐತಿ, ಈಗ ಆರಾಮ್ ಅದೀನಿ. ಅಂಥಾ ವಿಚಾರ ಯಾರಿಗರ ಬಂದ್ರ ಡೈರಿ ಬರೀಕೋತ ಕೂಡಬ್ಯಾಡ್ರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡ್ರಿ, ಕನ್ನಡದಾಗ ಮಾತಾಡ್ತಾರ.

ಕಾಫಿಪ್ರಿಯೆ:
ಎಲ್ರಿಗೂ ಥ್ಯಾಂಕ್ಸ್, ಅಷ್ಟು ಜೋರಿಲ್ಲ ನಂಗೆ. ಇವತ್ತಿಂದ ಬರೀತೀನಿ. ಆ ವಾರ ಅರ್ಧತಲೆನೋವೂ ಬರುತ್ತೆ, ಅದನ್ನೂ ಬರೀಬೇಕಾ?

ಪಿಜಿ_ಡ್ಯೂಟಿ:
ಹೂಂ, ಬರೀರಿ. ಮೈಗ್ರೇನು, ಅಸ್ತಮಾ ಇರೋರಲ್ಲಿ ಕೆಲವರಿಗೆ ಆಗ್ಲೇ ಕೆರಳೋದು. ನೋವಿಗೆ ಯಾವ ಮಾತ್ರೆ, ಎಷ್ಟು ತಗೊಂಡ್ರಿ ಅನ್ನೋದನ್ನೂ ಪಕ್ಕದಲ್ಲೇ ಹಾಕಿ.